ನೆಂಟರಿಗೆ ತೋರಿಸಿದ ಮುಂಬಯಿ ಸಾಕು, ಇನ್ನೆರಡು ದಿನ ನಿಮ್ಮಿಬ್ಬರಿಗಾಗಿ

ಊರಿನಿಂದ ನೆಂಟರು ಬಂದರೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಒಂದು ಪಟ್ಟಿ ಸಿದ್ಧವಾಗಿರುತ್ತದೆ. ಗೇಟ್‌ವೇ ಆಫ್ ಇಂಡಿಯಾ, ಮಹಾಲಕ್ಷ್ಮೀ, ಸಿದ್ಧಿವಿನಾಯಕ, ಸಂಜೆಗೆ ಚೌಪಾಟಿಯ ಭೇಲ್. ಮೂವತ್ತು ನಲ್ವತ್ತು ವರ್ಷಗಳಿಂದ ಇದೇ ಪಟ್ಟಿ ಹಿಡಿದು ಬಂದವರಿಗೆಲ್ಲ ನಗರ ತೋರಿಸಿದ ದಂಪತಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆದರೆ ಅವರಿಬ್ಬರೇ ಈ ನಗರದಲ್ಲಿ ಒಂದು ದಿನವನ್ನು ತಮಗಾಗಿ ಕಳೆದದ್ದುಂಟೇ ಎಂದು ಕೇಳಿದರೆ ಹೆಚ್ಚಿನವರು ನಕ್ಕು ಸುಮ್ಮನಾಗುತ್ತಾರೆ.

ಕಾರಣ ಎಲ್ಲರಿಗೂ ತಿಳಿದದ್ದೇ. ಗಂಡನಿಗೆ ಬೆಳಗ್ಗೆ ಲೋಕಲ್ ಹಿಡಿಯುವ ಧಾವಂತ, ಹೆಂಡತಿಗೆ ಡಬ್ಬಿ ಕಟ್ಟುವ ಧಾವಂತ. ಆಕೆಯೂ ನೌಕರಿಯಲ್ಲಿದ್ದರೆ ಎರಡೂ. ರಜೆ ಸಿಕ್ಕಿದರೆ ಊರು. ಅಲ್ಲಿ ಮದುವೆ, ಬೊಜ್ಜ, ಜಾತ್ರೆ, ಜಾಗದ ತಕರಾರು. ಹೀಗೆ ವರ್ಷಗಳು ಉರುಳಿ ನಿವೃತ್ತಿಯ ಬಳಿಕ ಇಬ್ಬರೂ ಟಿವಿಯ ಮುಂದೆ ಕುಳಿತಾಗ, ಆಡಲು ಮಾತೇ ಉಳಿದಿರುವುದಿಲ್ಲ. ಇದಕ್ಕೆ ಸಿಂಗಾಪುರ ಪ್ರವಾಸವೇ ಆಗಬೇಕೆಂದಿಲ್ಲ. ಶನಿವಾರ, ಭಾನುವಾರ ಎರಡು ದಿನ ಸಾಕು. ಅದೂ ಇದೇ ಮುಂಬಯಿಯಲ್ಲಿ.

ಡೊಂಬಿವಲಿಯ ಒಂದು ಜೋಡಿ ಹೊರಟಿದೆ ಎಂದಿಟ್ಟುಕೊಳ್ಳಿ. ಶನಿವಾರ ಗರ್ದಿ ಇಳಿದ ಮೇಲೆ ರೈಲು ಹತ್ತಿ ಮಾಟುಂಗದಲ್ಲಿ ಇಳಿಯಲಿ. 2017ರಲ್ಲಿ ಸಂಪೂರ್ಣ ಮಹಿಳಾ ಸಿಬ್ಬಂದಿಯೇ ನಡೆಸುವ ದೇಶದ ಮೊದಲ ರೈಲು ನಿಲ್ದಾಣವೆಂಬ ಹೆಸರು ಪಡೆದದ್ದು ಇದೇ. ಹೂವಿನ ಅಂಗಡಿಗಳ ಸಾಲಿನಲ್ಲಿ ಮಲ್ಲಿಗೆ ಕೊಂಡು, ಕೆಫೆ ಮದ್ರಾಸ್‌ನಲ್ಲೋ ಕೆಫೆ ಮೈಸೂರಿನಲ್ಲೋ ತಿಂಡಿ. ಅವಸರವಿಲ್ಲದೆ ಭಾವು ದಾಜಿ ರಸ್ತೆಯಲ್ಲಿ ನಡೆದರೆ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಸಿಗುತ್ತದೆ. ನಾಟಕಕ್ಕೋ ಸಭೆಗೋ ಓಡೋಡಿ ಬಂದವರಿಗೆ ಅದರ ಸುತ್ತಲಿನ ಬೀದಿಗಳನ್ನು ನೋಡಲು ಪುರುಸೊತ್ತು ಎಲ್ಲಿತ್ತು? ಮುಂದೆ ದಾದರ್ ಪಾರ್ಸಿ ಕಾಲೊನಿಯ ಫೈವ್ ಗಾರ್ಡನ್ಸ್‌ನ ಮರಗಳ ನೆರಳಿನಲ್ಲಿ ಒಂದು ಗಂಟೆ ಸುಮ್ಮನೆ ಕೂರಬಹುದು. ಮಧ್ಯಾಹ್ನಕ್ಕೆ ನಿಲ್ದಾಣದ ಬಳಿ, 1942ರಿಂದ ನಡೆದುಬಂದಿರುವ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ. ದಿನವೂ ಬಡಿಸುವ ಕೈಗೆ ಒಂದು ದಿನವಾದರೂ ಬಡಿಸಿಕೊಂಡು ಉಣ್ಣುವ ಯೋಗ ಬೇಡವೇ?

ಅದೇ ಸ್ಲೋ ಲೋಕಲ್‌ನಲ್ಲಿ ಬೈಕುಲಾಕ್ಕೆ ಬಂದರೆ ರಾಣಿಬಾಗ್. ಮಕ್ಕಳಿಗೆ ಪ್ರಾಣಿ ತೋರಿಸಲು ಎಲ್ಲರೂ ಹೋದವರೇ. ಆದರೆ ಪಕ್ಕದ ಡಾ. ಭಾವು ದಾಜಿ ಲಾಡ್ ಮ್ಯೂಸಿಯಂ ಒಳಗೆ ಹೋದವರು ಕಡಿಮೆ. 1872ರಲ್ಲಿ ತೆರೆದ ಈ ಕಟ್ಟಡದಲ್ಲಿ ಹಳೆಯ ಬೊಂಬಾಯಿಯ ಜನ, ಕಸುಬು, ಹಡಗುಗಳ ಮಾದರಿಗಳಿವೆ. ಹೊರಗೆ ನಿಂತಿರುವ ಕಲ್ಲಿನ ಆನೆ ಘಾರಾಪುರಿಯದ್ದು. ಎಲಿಫೆಂಟಾ ಎಂಬ ಹೆಸರು ಬಂದದ್ದೇ ಅದರಿಂದ. (ಬುಧವಾರ ಮ್ಯೂಸಿಯಂಗೆ ರಜೆ.)

ಇನ್ನು ರಾತ್ರಿ ಮನೆಗೆ ಮರಳಕೂಡದು. ಮರಳಿದರೆ ಒಬ್ಬರಿಗೆ ಮತ್ತೆ ಅಡುಗೆಮನೆ, ಇನ್ನೊಬ್ಬರಿಗೆ ಮತ್ತೆ ಟಿವಿ. ಗಿರ್ಗಾಂವ್ ಕಡೆಯ ಸಾಧಾರಣ ಲಾಡ್ಜೊಂದರಲ್ಲಿ ಒಂದು ರಾತ್ರಿ ತಂಗಲಿ. "ಮುಂಬಯಿಯಲ್ಲಿ ಮನೆಯಿಟ್ಟುಕೊಂಡು ಲಾಡ್ಜಿಗೆ ದುಡ್ಡು ಕೊಡುವುದೇ?" ಎಂದು ಮೂಗು ಮುರಿಯುವವರು ಇರುತ್ತಾರೆ. ಊರಿನ ಕಾರ್ಯಕ್ರಮಗಳಿಗೆ ವರ್ಷವೂ ಆಗುವ ಖರ್ಚಿನ ಪಕ್ಕದಲ್ಲಿ ಇದನ್ನು ಬರೆದಿಟ್ಟು ನೋಡಿದರೆ ಆ ಪ್ರಶ್ನೆ ತಾನಾಗಿಯೇ ನಿಲ್ಲುತ್ತದೆ.

ಭಾನುವಾರ ಬೆಳಗ್ಗೆ ಗಿರ್ಗಾಂವ್‌ನ ಖೋತಾಚಿವಾಡಿ. ಮರದ ಮೆಟ್ಟಿಲು, ಮುಂಜಗಲಿಯ ಹಳೆಯ ಮನೆಗಳ ಇಕ್ಕಟ್ಟಾದ ಓಣಿ. ಗಗನಚುಂಬಿ ಕಟ್ಟಡಗಳ ನಡುವೆ ಇಂಥ ಮನೆಗಳು ಒಂದೊಂದೇ ಕಣ್ಮರೆಯಾಗುತ್ತಿವೆ. ಉಳಿದವುಗಳಲ್ಲಿ ಜನ ವಾಸವಿರುವುದರಿಂದ ಸದ್ದಿಲ್ಲದೆ ನಡೆದು ಬರಬೇಕು. ಅಲ್ಲಿಂದ ವಾಳಕೇಶ್ವರದ ಬಾಣಗಂಗಾ ಕೆರೆ. ಸಮುದ್ರದ ಪಕ್ಕದಲ್ಲೇ ಇದ್ದರೂ ಸಿಹಿನೀರು. ಇಲ್ಲಿನ ಕೆರೆ, ದೇವಸ್ಥಾನವನ್ನು 1715ರಲ್ಲಿ ಕಟ್ಟಿಸಿದವರು ಗೌಡ ಸಾರಸ್ವತ ಸಮಾಜದ ರಾಮಾ ಕಾಮತಿ. ಕಾಶೀಮಠವೂ ಇಲ್ಲಿಯೇ ಇದೆ. ಕೆರೆಯ ಕಲ್ಲು ಮೆಟ್ಟಿಲ ಮೇಲೆ ಕುಳಿತರೆ ಊರಿನ ದೇವಸ್ಥಾನದ ಕೆರೆ ನೆನಪಾಗದೆ ಇರದು. ಅಂಥ ನೆನಪುಗಳೇ ಮಾತಿಗೆ ದಾರಿ.

ಸಂಜೆಗೆ ಫೋರ್ಟ್. ವಾರದ ದಿನ ಕಾಲಿಡಲು ಎಡೆಯಿಲ್ಲದ ಬ್ಯಾಂಕು, ಕಚೇರಿಗಳ ಈ ಬೀದಿಗಳು ಭಾನುವಾರ ಖಾಲಿ. ಹಾರ್ನಿಮನ್ ಸರ್ಕಲ್, 1833ರಲ್ಲಿ ಪೂರ್ಣಗೊಂಡ ಟೌನ್‌ಹಾಲ್, ಅದರ 30 ಮೆಟ್ಟಿಲು. ದುಡಿದ ಕಟ್ಟಡವನ್ನು ತೋರಿಸಿ "ಇಲ್ಲಿ ಕೂರುತ್ತಿದ್ದೆ, ಈ ಗಾಡಿಯವನ ಚಹಾ ಕುಡಿಯುತ್ತಿದ್ದೆ" ಎಂದು ಗಂಡ ಹೆಂಡತಿಗೆ ಹೇಳಬಹುದು. ಆಕೆ ಡಬ್ಬಿ ಕಳುಹಿಸಿದ್ದು ಎಷ್ಟೋ ವರ್ಷ. ಅದು ತೆರೆಯುತ್ತಿದ್ದ ಜಾಗವನ್ನು ನೋಡುವುದು ಮೊದಲ ಸಲ ಇರಬಹುದು.

ಆ ಹೊತ್ತಿಗೆ ಭಾನುವಾರದ ಮೆಗಾಬ್ಲಾಕ್ ಮುಗಿದಿರುತ್ತದೆ. ಸಿಎಸ್‌ಎಂಟಿಯಿಂದ ಡೊಂಬಿವಲಿಗೆ ಹೊರಡುವ ಗಾಡಿಯಲ್ಲಿ ಅಕ್ಕಪಕ್ಕದಲ್ಲೇ ಎರಡು ಸೀಟು ಸಿಗುತ್ತವೆ. ಅವನು ಜನರಲ್ ಡಬ್ಬಿ, ಅವಳು ಮಹಿಳಾ ಡಬ್ಬಿ ಎಂದು ಬೇರೆಬೇರೆಯಾಗಿ ಓಡಾಡಿದ ಜೋಡಿಗೆ ಅದೇ ದೊಡ್ಡ ಪ್ರವಾಸ. ಮೊಣಕಾಲು ಮೆಟ್ಟಿಲು ಹತ್ತುವಷ್ಟು ಗಟ್ಟಿಯಿರುವಾಗಲೇ ಒಂದು ಶನಿವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು.