ಮಕ್ಕಳು ಹೊರಟ ಮೇಲೆ ಮದ್ದು ಬಿಡುವವರು ಯಾರು?

ರಜೆ ಮುಗಿಸಿ ಬೆಂಗಳೂರಿಗೆ ಹೊರಡುವ ಮಗನ ಚೀಲಕ್ಕೆ ತಾಯಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಎರಡು ಸೇರು ಕುಚ್ಚಲಕ್ಕಿ ತುಂಬಿಸುವುದು ಅಳದಂಗಡಿ ಸುತ್ತಿನ ಮನೆಗಳಲ್ಲಿ ಹೊಸತೇನಲ್ಲ. ಅಂಗಳದ ಕೊನೆಯಲ್ಲಿ ನಿಂತ ತಂದೆ “ಇನ್ನು ಯಾವಾಗ?” ಎಂದು ಕೇಳುವಾಗ ಅವರ ಮನಸ್ಸಿನಲ್ಲಿರುವುದು ಮಳೆ ಹಿಡಿಯುವುದರೊಳಗೆ ಆಗಬೇಕಾದ ಮೊದಲ ಮದ್ದು.

ಊರು ಬಿಡುವುದು ನಮ್ಮ ಕರಾವಳಿಗೆ ಹಳೆಯ ರೂಢಿ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಸ್ಥಾಪನೆಯಾದದ್ದು 1902ರಲ್ಲಿ. ಅದಕ್ಕೂ ಮೊದಲೇ ನಮ್ಮವರು ಅಲ್ಲಿ ನೆಲೆಯೂರಿದ್ದರೆಂದಾಯಿತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರೆಷ್ಟೋ ಮಂದಿ. ಕ್ಯಾಂಪ್ಕೋ ಹುಟ್ಟಿದ 1973ರಲ್ಲಿಯೇ ತೈಲದ ಬೆಲೆ ಏರಿ ಕೊಲ್ಲಿ ದೇಶಗಳ ಬಾಗಿಲು ಅಗಲವಾಯಿತು. ಒಂದು ಕಡೆ ಅಡಿಕೆಗೆ ನೆಲೆಯಾದ ಧಾರಣೆ ದೊರಕಿಸುವ ಪ್ರಯತ್ನ, ಇನ್ನೊಂದು ಕಡೆ ಮಕ್ಕಳ ಪಾಸ್‌ಪೋರ್ಟು! ಅಲ್ಲಿಂದ ಬಂದ ಡ್ರಾಫ್ಟಿನಲ್ಲಿ ಹುಲ್ಲಿನ ಮಾಡು ಹಂಚಿನದಾಯಿತು, ತೋಟಕ್ಕೆ ಪಂಪು ಬಂತು, ತಂಗಿಯ ಮದುವೆ ಆಯಿತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಕಣಿವೆಗೆ ಉರುಳಿ 158 ಮಂದಿ ತೀರಿಕೊಂಡಾಗ ಆ ದುಡಿಮೆಯ ಬೆಲೆಯೂ ನಮಗೆ ತಿಳಿಯಿತು. ಹೀಗಿರುತ್ತ ಮಕ್ಕಳು ಮಣ್ಣು ಮರೆತರೆಂದು ಸಭೆಗಳಲ್ಲಿ ದೂರುವುದು ನ್ಯಾಯವಲ್ಲ.

ಅಷ್ಟಕ್ಕೂ ಹೋದವರು ತೋಟದ ಯಜಮಾನರ ಮಕ್ಕಳು ಮಾತ್ರವೇ? ನಮ್ಮಲ್ಲಿ ಮೂವತ್ತು ವರ್ಷ ಮದ್ದು ಬಿಟ್ಟವರು ಕಳೆದ ವರ್ಷ ತಳೆ ಕೆಳಗಿಟ್ಟರು. “ಮೊಣಕಾಲು ಸಾಕೆನ್ನುತ್ತದೆ ಅಣ್ಣಾ. ಮಗ ಮಸ್ಕತ್ತಿನಲ್ಲಿ ಚೆನ್ನಾಗಿದ್ದಾನೆ, ಅವನಿಗೆ ಈ ಕೆಲಸ ಬೇಡ” ಎಂದರು. ನನ್ನ ಮಗನಿಗೆ ಬೇಡವಾದ ಮರ ಅವರ ಮಗನಿಗೆ ಬೇಕೆನ್ನಲು ನನಗೆ ಬಾಯಿ ಎಲ್ಲಿ? ಆ ಮಳೆಗಾಲ ಎರಡನೆಯ ಮದ್ದು ಇಪ್ಪತ್ತು ದಿನ ತಡವಾಯಿತು. ನೂರು ಲೀಟರು ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು, ಅದನ್ನು ಗೊನೆಗೆ ಮುಟ್ಟಿಸುವವರು ಬೇಕಲ್ಲ! ಕೊಳೆ ಬಂದು ಉದುರಿದ ಹಸಿಕಾಯಿಯನ್ನು ಬುಟ್ಟಿಗಟ್ಟಲೆ ಹೆಕ್ಕಿದವನು ನಾನೇ.

ದಾರಿಯೇ ಇಲ್ಲವೆಂದಲ್ಲ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಗೊನೆಯನ್ನೂ ಇಳಿಸಬಹುದು. ಸಜೀಪಮೂಡದ ಕೃಷಿಕ ಗಣಪತಿ ಭಟ್ಟರ ಮರವೇರುವ ಯಂತ್ರವನ್ನು 2019ರಲ್ಲಿ ದೇಶವೇ ನೋಡಿತು. 2020ರ ಕೊರೋನಾ ಕಾಲದಲ್ಲಿ ಮನೆಗೆ ಬಂದ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು. ಸಂಜೆ ಅದೇ ಮಕ್ಕಳು ಕುತೂಹಲದಿಂದ ದೋಟಿ ಹಿಡಿದದ್ದೂ ಉಂಟು.

ಅಡಿಕೆ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ಅಷ್ಟರಲ್ಲಿ ನನಗೆ ಎಪ್ಪತ್ತು ದಾಟುತ್ತದೆ. ಆದುದರಿಂದ ಕೆಳಗಿನ ಗದ್ದೆಗೆ ಇನ್ನೂರು ಸಸಿಯೆಂದು ಗುಂಡಿ ತೋಡಿಸುವ ಮೊದಲು ಮಗನಿಗೆ ಫೋನು ಮಾಡಿದೆ. ಹಿಂದೆಂದೂ ಅವನನ್ನು ಕೇಳಿದವನಲ್ಲ. ತುಸು ಹೊತ್ತು ಸುಮ್ಮನಿದ್ದು, “ಅಪ್ಪಾ, ನೂರು ಸಾಕು. ಸಾಲು ಅಗಲ ಇರಲಿ, ದೋಟಿ ತಿರುಗಿಸಲು ಜಾಗ ಬೇಕು” ಎಂದ.

ನೂರು ಗುಂಡಿ ಆಗಿದೆ.