ಕಾಗದದಲ್ಲಿ ಅರಳುವ ಹಂಪಿ: ಡೈ-ಕಟ್ ಶುಭಾಶಯ ಪತ್ರಗಳ ಉದ್ದಿಮೆಯ ಲೆಕ್ಕಾಚಾರ

2017ರಲ್ಲಿ ಚಲಾವಣೆಗೆ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ನಾಡಿನ ಪ್ರತಿಯೊಂದು ಗಲ್ಲಾಪೆಟ್ಟಿಗೆಯನ್ನೂ ತಲುಪಿರುವ ಈ ಚಿತ್ರವನ್ನು ನಮ್ಮವರೇ ಕಾಗದದಲ್ಲಿ ಕತ್ತರಿಸಿ, ಪದರ ಪದರವಾಗಿ ಜೋಡಿಸಿ, ಪ್ರವಾಸಿಗರಿಗೆ ಶುಭಾಶಯ ಪತ್ರವಾಗಿ ಮಾರಬಹುದಲ್ಲವೇ? ಈ ಪ್ರಶ್ನೆಯನ್ನು ವ್ಯಾಪಾರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊಬೈಲ್ ಸಂದೇಶಗಳು ಬಂದ ಮೇಲೆ ಮುದ್ರಿತ ಶುಭಾಶಯ ಪತ್ರಗಳ ಮಾರಾಟ ಕುಗ್ಗಿರುವುದನ್ನು ವರ್ತಕರೆಲ್ಲರೂ ಬಲ್ಲರು. ಬೆಲೆಯಲ್ಲಿ ಶಿವಕಾಶಿಯ ಆಫ್‌ಸೆಟ್ ಮುದ್ರಣದೊಡನೆ ಸ್ಪರ್ಧಿಸುವುದೂ ವಿವೇಕವಲ್ಲ. ಉಳಿದಿರುವ ಗ್ರಾಹಕರೆಂದರೆ ನೆನಪಿನ ಕಾಣಿಕೆ ಬಯಸುವ ಪ್ರವಾಸಿಗರು, ಹೋಟೆಲುಗಳು, ಹೊಸ ವರ್ಷಕ್ಕೆ ಶುಭ ಕೋರುವ ಕಂಪನಿಗಳು ಮತ್ತು ಮದುವೆಯ ಮನೆಗಳು. ಇವರು ಕೊಳ್ಳುವುದು ಕೈಕೆಲಸವನ್ನು.

ಕಚ್ಚಾ ಸಾಮಗ್ರಿ

ಕಂಪ್ಲಿಯ ಸುತ್ತಮುತ್ತ ಬಾಳೆಯ ಬೆಳೆಯಿದೆ. ಗೊನೆ ಕೊಯ್ದ ಮೇಲೆ ಉಳಿಯುವ ದಿಂಡಿನ ನಾರು ನಿಷ್ಪ್ರಯೋಜಕವಲ್ಲವೆಂಬುದನ್ನು ಹೊಳೆಯಾಚೆಯ ಆನೆಗೊಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ತನ್ನ ಬಾಳೆನಾರಿನ ಕರಕುಶಲ ಕಾರ್ಯದ ಮೂಲಕ ತೋರಿಸಿಕೊಟ್ಟಿದೆ. ಇದೇ ನಾರಿನಿಂದ ಕೈಕಾಗದವನ್ನೂ ತಯಾರಿಸಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. ಉದ್ದನೆಯ ನಾರಿನ ಕಾಗದವು ಸೂಕ್ಷ್ಮ ಜಾಲರಿಗೆ ಒಗ್ಗುವುದಿಲ್ಲ. ಅಂಚು ಕತ್ತರಿಸಿ ಬೀಳುವ ಬದಲು ಹರಿದು ನವಿರೇಳುತ್ತದೆ. ಆದುದರಿಂದ ತಳಕ್ಕೆ ಕೈಕಾಗದವನ್ನೂ, ಮೇಲಿನ ಕತ್ತರಿಸಿದ ಪದರಕ್ಕೆ ನಯವಾದ ಯಂತ್ರನಿರ್ಮಿತ ಕಾಗದವನ್ನೂ ಬಳಸುವುದು ಲೇಸು.

22x30 ಅಂಗುಲದ ಕೈಕಾಗದದ ಹಾಳೆಯಲ್ಲಿ, ಬಿಡಿಸಿದಾಗ 10x7 ಅಂಗುಲವಾಗುವ ಪತ್ರಗಳನ್ನು ಒಂದು ರೀತಿಯಲ್ಲಿ ಇಟ್ಟರೆ ಎಂಟು, ತಿರುಗಿಸಿ ಇಟ್ಟರೆ ಒಂಬತ್ತು ದೊರೆಯುತ್ತವೆ. ಕೈಕಾಗದದಲ್ಲಿ ನಾರಿನ ಓಟಕ್ಕೆ ನಿರ್ದಿಷ್ಟ ದಿಕ್ಕು ಇಲ್ಲದಿರುವುದರಿಂದ ಹೀಗೆ ತಿರುಗಿಸಬಹುದು. ಯಂತ್ರನಿರ್ಮಿತ ಕಾಗದವನ್ನು ಮಾತ್ರ ನಾರಿನ ದಿಕ್ಕಿಗೆ ಅನುಗುಣವಾಗಿಯೇ ಮಡಿಸಬೇಕು. ಅಡ್ಡಲಾಗಿ ಮಡಿಸಿದರೆ ಮಡಿಕೆ ಒಡೆಯುತ್ತದೆ.

ಅಚ್ಚು ಮತ್ತು ವಿನ್ಯಾಸ

ಪ್ಲೈವುಡ್ಡಿನ ಸೀಳುಗಳಲ್ಲಿ ಉಕ್ಕಿನ ಅಲಗನ್ನು ಬಗ್ಗಿಸಿ ಕೂರಿಸಿದರೆ ಡೈ ಸಿದ್ಧವಾಗುತ್ತದೆ. ಅದನ್ನು ಕಾಗದದ ಮೇಲೆ ಒತ್ತಿದಾಗ ಒಂದೇ ಏಟಿಗೆ ಆಕೃತಿ ಕತ್ತರಿಸಿಕೊಳ್ಳುತ್ತದೆ. ಅತಿ ಸೂಕ್ಷ್ಮ ಕೆಲಸಕ್ಕೆ ಲೇಸರ್ ಯಂತ್ರ ಉತ್ತಮವಾದರೂ ತಿಳಿಬಣ್ಣದ ಕಾಗದದ ಅಂಚು ಕಂದುಬಣ್ಣಕ್ಕೆ ತಿರುಗುವ ಸಂಭವವಿದೆ. ಕಮಲ ಮಹಲಿನ ಒಂದರ ಹಿಂದೊಂದು ಸರಿದ ಕಮಾನುಗಳು ಈ ಕಲೆಗೆ ಹೇಳಿಮಾಡಿಸಿದಂತಿವೆ. ರಥದ ಚಕ್ರದಂತಹ ಸೂಕ್ಷ್ಮ ಆಕೃತಿಯಲ್ಲಿ ಎರಡು ರಂಧ್ರಗಳ ನಡುವಿನ ಪಟ್ಟಿ ತೀರ ತೆಳುವಾದರೆ ಲಕೋಟೆಯೊಳಗೇ ಮುರಿಯುತ್ತದೆ. ಅದು ಒಂದೂವರೆ ಮಿಲಿಮೀಟರಿಗಿಂತ ಕಡಿಮೆಯಾಗದಿರಲಿ.

ಹಣದ ಲೆಕ್ಕ

ಒಂದು ಅಚ್ಚಿಗೆ 3,000 ರೂ. ಎಂದು ಭಾವಿಸೋಣ. ಅದರಿಂದ 200 ಪತ್ರಗಳನ್ನಷ್ಟೇ ತೆಗೆದರೆ ಪ್ರತಿಯೊಂದರ ಮೇಲೆ ಅಚ್ಚಿನ ಹೊರೆ 15 ರೂ.; 3,000 ಪತ್ರ ತೆಗೆದರೆ ಕೇವಲ 1 ರೂ. ಜೋಡಣೆಗೆ 12 ನಿಮಿಷ ಹಿಡಿದರೆ ಎಂಟು ಗಂಟೆಯಲ್ಲಿ 40 ಪತ್ರಗಳಾಗುತ್ತವೆ. ದಿನಗೂಲಿ 600 ರೂ. ಎಂದಾದರೆ ತಲಾ 15 ರೂ. ಕಾಗದ, ಲಕೋಟೆಗೆ ಮತ್ತೆ 15 ರೂ. ಪತ್ರದ ಬೆಲೆ 100 ರೂ. ಇದ್ದು ಅಂಗಡಿಯವರಿಗೆ ಶೇ. 40 ಬಿಟ್ಟರೆ ತಯಾರಕರ ಕೈಗೆ ಬರುವುದು 60 ರೂ. ಮೊದಲ ಪ್ರಕರಣದಲ್ಲಿ ಉಳಿಯುವುದು 15 ರೂ., ಎರಡನೆಯದರಲ್ಲಿ 29 ರೂ. ಹಾಳಾದ ಮಾಲು, ಸಾಗಾಣಿಕೆ, ಬಡ್ಡಿ ಎಲ್ಲವೂ ಇದರೊಳಗೇ ಬರಬೇಕು. ಉತ್ಸಾಹದಿಂದ ಇಪ್ಪತ್ತು ವಿನ್ಯಾಸಗಳ ಅಚ್ಚು ಮಾಡಿಸಿದವನ 60,000 ರೂ. ಕಪಾಟಿನಲ್ಲಿ ಕುಳಿತಿರುತ್ತದೆ. ನಾಲ್ಕೇ ಅಚ್ಚುಗಳನ್ನು ಮಾಡಿಸಿ, ಬಣ್ಣ ಮತ್ತು ಜೋಡಣೆಯಲ್ಲಿ ವೈವಿಧ್ಯ ತರುವುದೇ ಜಾಣತನ.

ತೂಕವನ್ನೂ ಮರೆಯಬಾರದು. 250 ಜಿಎಸ್‌ಎಂ ಕಾಗದದ 10x7 ಅಂಗುಲದ ತಳವೊಂದೇ ಸುಮಾರು 11 ಗ್ರಾಂ ತೂಗುತ್ತದೆ. ಪದರ, ಲಕೋಟೆಗಳು ಸೇರಿದಂತೆ ಅಂಚೆಯ ವೆಚ್ಚವೂ ಏರುತ್ತದೆ. ತೆರಿಗೆಯ ವಿಷಯದಲ್ಲಿ ಶುಭಾಶಯ ಪತ್ರಗಳು ಎಚ್‌ಎಸ್‌ಎನ್ 4909ರಡಿ ಬರುತ್ತವೆ. ಚಾಲ್ತಿಯಲ್ಲಿರುವ ದರವನ್ನು ಲೆಕ್ಕಪರಿಶೋಧಕರಿಂದ ತಿಳಿದೇ ಬೆಲೆ ನಿಗದಿಪಡಿಸಬೇಕು.

ಹೆಸರಿನ ಬಳಕೆ

ಸಂಡೂರಿನ ಲಂಬಾಣಿ ಕಸೂತಿಯ ಚಿತ್ತಾರಗಳು ಪತ್ರಗಳಿಗೆ ಸೊಗಸಾಗಿ ಒಪ್ಪುತ್ತವೆ. ಆದರೆ ಆ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಕಾಗದದ ಮೇಲೆ ಕತ್ತರಿಸಿದ ನಕಲನ್ನು ಆ ಹೆಸರಿನಲ್ಲಿ ಮಾರುವುದು ಕಾನೂನಿಗೂ ಸಲ್ಲದು, ಸೂಜಿ ಹಿಡಿದ ಮಹಿಳೆಯರಿಗೂ ಅನ್ಯಾಯ. ಕತ್ತರಿಸಿದ ಕಿಂಡಿಯ ಹಿಂದೆ ಅವರೇ ಹೊಲಿದ ನಿಜವಾದ ಕಸೂತಿಯ ತುಣುಕನ್ನಿಟ್ಟು, ಅದಕ್ಕೆ ನ್ಯಾಯಯುತ ಬೆಲೆ ಕೊಟ್ಟರೆ ಪತ್ರದ ಮೌಲ್ಯವೂ ಹೆಚ್ಚುತ್ತದೆ.

ಕಂಪ್ಲಿಯ ನಾರು, ಹೊಸಪೇಟೆಯ ಕಾರ್ಯಾಗಾರ, ಸಂಡೂರಿನ ಸೂಜಿ, ಹಂಪಿಯ ಮಾರುಕಟ್ಟೆ ಇವು ನಾಲ್ಕೂ ಒಂದು ಗಂಟೆಯ ಹಾದಿಯ ಆಸುಪಾಸಿನಲ್ಲಿವೆ. ಇವನ್ನು ಜೋಡಿಸುವ ವರ್ತಕನೊಬ್ಬನ ಅಗತ್ಯವಿದೆ. ಆಸಕ್ತರು ಅಕ್ಟೋಬರಿನಿಂದ ಫೆಬ್ರವರಿಯವರೆಗಿನ ಪ್ರವಾಸದ ಕಾಲಕ್ಕೆ ಮುನ್ನ, ಒಂದೇ ಅಚ್ಚಿನಿಂದ ಮಾದರಿಗಳನ್ನು ತಯಾರಿಸಿ, ಹೋಟೆಲು ಹಾಗೂ ಅಂಗಡಿಗಳಿಂದ ಬೇಡಿಕೆ ಪಡೆದ ಬಳಿಕವೇ ಎರಡನೆಯ ಅಚ್ಚಿಗೆ ಕೈಹಾಕುವುದು ಕ್ಷೇಮ.