ಆರು ಇಟ್ಟಿಗೆ, ತೊಂಬತ್ತೊಂದು ಕೋಟಿ ಆಕಾರ

ಮಕ್ಕಳೇ, ಒಂದರ ಮೇಲೊಂದು ಇಟ್ಟು ಒತ್ತಿದರೆ 'ಟಕ್' ಎಂದು ಕೂರುವ ಬಣ್ಣಬಣ್ಣದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ನೀವು ನೋಡಿರಬಹುದು. ಅಂಗನವಾಡಿಯಲ್ಲೋ, ಜಾತ್ರೆಯ ಅಂಗಡಿಯಲ್ಲೋ, ನೆಂಟರ ಮನೆಯಲ್ಲೋ ಅವುಗಳೊಂದಿಗೆ ಆಡಿಯೂ ಇರಬಹುದು. ಪೆಟ್ಟಿಗೆಯ ಮೇಲೆ ಚಿತ್ರವಿದ್ದರೆ ಅದನ್ನು ನೋಡಿಕೊಂಡು ಕಾರು ಅಥವಾ ಮನೆ ಕಟ್ಟುವುದು ಸುಲಭ. ಆದರೆ ಚಿತ್ರವೇ ಇಲ್ಲದಿದ್ದರೆ? ನಿಮ್ಮೂರಿನಲ್ಲಿ ನೀವು ದಿನವೂ ನೋಡುವ ವಸ್ತುವಿನ ಮಾದರಿಯನ್ನು ನೀವೇ ಯೋಚಿಸಿ ಕಟ್ಟಬೇಕೆಂದರೆ? ಅದಕ್ಕೆ ಒಂದಿಷ್ಟು ಲೆಕ್ಕ, ಒಂದಿಷ್ಟು ವಿಜ್ಞಾನ, ಬಹಳಷ್ಟು ತಾಳ್ಮೆ ಬೇಕು. ಅದು ಹೇಗೆಂದು ನೋಡೋಣ ಬನ್ನಿ.

ಬಡಗಿಯ ಅಂಗಡಿಯಿಂದ ಬಂದ ಆಟಿಕೆ

ಡೆನ್ಮಾರ್ಕ್ ಯೂರೋಪಿನ ಒಂದು ಪುಟ್ಟ ದೇಶ. ಅಲ್ಲಿನ ಬಿಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಎಂಬ ಬಡಗಿ ಇದ್ದರು. ಅವರು 1932ರಲ್ಲಿ ಮರದ ಆಟಿಕೆಗಳನ್ನು ಮಾಡತೊಡಗಿದರು. 1934ರಲ್ಲಿ ತಮ್ಮ ಆಟಿಕೆಗಳಿಗೆ 'ಲೆಗೋ' ಎಂದು ಹೆಸರಿಟ್ಟರು. ಡೇನಿಷ್ ಭಾಷೆಯಲ್ಲಿ 'ಲೆಗ್ ಗೋಟ್' ಎಂದರೆ 'ಚೆನ್ನಾಗಿ ಆಡು' ಎಂದರ್ಥ. ಆ ಎರಡು ಪದಗಳನ್ನು ಕೂಡಿಸಿದ ಹೆಸರು ಇದು.

ಪ್ಲಾಸ್ಟಿಕ್ ಇಟ್ಟಿಗೆಯ ಕಲ್ಪನೆ ಮೊದಲು ಬಂದದ್ದು ಬ್ರಿಟನ್ನಿನ ಹಿಲರಿ ಪೇಜ್ ಎಂಬವರಿಗೆ. ಅವರ ಇಟ್ಟಿಗೆಗಳನ್ನು ನೋಡಿ, ಕೆಲವು ಬದಲಾವಣೆ ಮಾಡಿ, 1949ರಲ್ಲಿ ಲೆಗೋದವರೂ ಇಟ್ಟಿಗೆ ತಯಾರಿಸಿದರು. ಅದರ ಮೇಲ್ಭಾಗದಲ್ಲಿ ಉಬ್ಬುಗಳಿದ್ದವು, ಕೆಳಭಾಗ ಬರೀ ಟೊಳ್ಳಾಗಿತ್ತು. ಇಟ್ಟಿಗೆಗಳು ಒಂದರ ಮೇಲೊಂದು ಕೂರುತ್ತಿದ್ದವು ನಿಜ, ಆದರೆ ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಕಟ್ಟಿದ ಮನೆಯನ್ನು ಎತ್ತಿಕೊಂಡರೆ ಕಳಚಿ ಬೀಳುತ್ತಿತ್ತು.

ಈ ತೊಂದರೆಗೆ ಪರಿಹಾರ ಸಿಕ್ಕಲು ಒಂಬತ್ತು ವರ್ಷ ಬೇಕಾಯಿತು. ಪರಿಹಾರ ಮಾತ್ರ ಬಹಳ ಸರಳ. ಇಟ್ಟಿಗೆಯ ಟೊಳ್ಳಿನೊಳಗೆ ಸಣ್ಣ ಕೊಳವೆಗಳನ್ನು ಇಟ್ಟರು! ಓಲೆಯವರ ಮಗ ಗಾಡ್‌ಫ್ರೆಡ್ 1958ರ ಜನವರಿ 28ರಂದು ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಅಂದು ಗೊತ್ತುಮಾಡಿದ ಅಳತೆ ಇಂದಿಗೂ ಬದಲಾಗಿಲ್ಲ. 1958ರ ಇಟ್ಟಿಗೆಯ ಮೇಲೆ ಇಂದಿನ ಇಟ್ಟಿಗೆಯೂ ಸರಿಯಾಗಿ ಕೂರುತ್ತದೆ.

ಕೊಳವೆ ಏನು ಮಾಡುತ್ತದೆ?

ಇಟ್ಟಿಗೆಯೊಂದು ಸಿಕ್ಕರೆ ತಿರುಗಿಸಿ ನೋಡಿ. ಎರಡು ಸಾಲು, ಸಾಲಿಗೆ ನಾಲ್ಕರಂತೆ ಎಂಟು ಉಬ್ಬುಗಳಿರುವ ಇಟ್ಟಿಗೆಗೆ 2×4 ಇಟ್ಟಿಗೆ ಎನ್ನುತ್ತಾರೆ. ಅದರ ಅಡಿಯಲ್ಲಿ ಮೂರು ಕೊಳವೆಗಳಿರುತ್ತವೆ. ಕೆಳಗಿನ ಇಟ್ಟಿಗೆಯ ಪ್ರತಿಯೊಂದು ಉಬ್ಬೂ ಇದರೊಳಗೆ ಮೂರು ಕಡೆ ತಾಗುತ್ತದೆ. ಮೂಲೆಯ ಉಬ್ಬು ಎರಡು ಗೋಡೆಗೆ ಮತ್ತು ಒಂದು ಕೊಳವೆಗೆ ತಾಗುತ್ತದೆ. ನಡುವಿನ ಉಬ್ಬು ಒಂದು ಗೋಡೆಗೆ ಮತ್ತು ಎರಡು ಕೊಳವೆಗಳಿಗೆ ತಾಗುತ್ತದೆ.

ಉಬ್ಬು ಕೂರುವ ಜಾಗ ಉಬ್ಬಿಗಿಂತ ಒಂದು ಕೂದಲೆಳೆಯಷ್ಟೂ ಅಲ್ಲ, ಅದಕ್ಕಿಂತ ಕಡಿಮೆ ಕಿರಿದು. ನೀವು ಒತ್ತಿದಾಗ ಪ್ಲಾಸ್ಟಿಕ್ ಒಂದಿಷ್ಟು ಬಾಗಿ ಜಾಗ ಕೊಡುತ್ತದೆ. ಆಮೇಲೆ ಮೊದಲಿನ ಆಕಾರಕ್ಕೆ ಮರಳಲು ಯತ್ನಿಸುತ್ತಾ ಉಬ್ಬನ್ನು ಅಮುಕಿ ಹಿಡಿಯುತ್ತದೆ. ಈ ಗುಣಕ್ಕೆ ಸ್ಥಿತಿಸ್ಥಾಪಕತೆ ಎಂದು ಹೆಸರು. ಅಮುಕಿ ಹಿಡಿದಲ್ಲಿ ಘರ್ಷಣೆ ಹೆಚ್ಚುತ್ತದೆ. ಆದ್ದರಿಂದ ಇಟ್ಟಿಗೆ ತಾನಾಗಿ ಕಳಚುವುದಿಲ್ಲ, ಮಗುವಿನ ಕೈಯಿಂದ ಎಳೆದರೆ ಕಳಚುತ್ತದೆ.

ಇಷ್ಟು ನಾಜೂಕಾದ ಹಿಡಿತಕ್ಕೆ ಅಳತೆ ಬಹಳ ನಿಖರವಾಗಿರಬೇಕು. ಅಚ್ಚಿನಲ್ಲಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟೂ ವ್ಯತ್ಯಾಸ ಬರದಂತೆ ನೋಡಿಕೊಳ್ಳುತ್ತಾರೆ. ಪ್ಲಾಸ್ಟಿಕ್ ಕೂಡ ಸೊಟ್ಟಗಾಗಬಾರದು. ಮೊದಲು ಬಳಸುತ್ತಿದ್ದ ಸೆಲ್ಯುಲೋಸ್ ಅಸಿಟೇಟ್ ಕಾಲಕ್ರಮೇಣ ಸೊಟ್ಟಗಾಗುತ್ತಿತ್ತು. ಹಾಗಾಗಿ 1963ರಿಂದ ಎ.ಬಿ.ಎಸ್. ಎಂಬ ಗಟ್ಟಿ ಪ್ಲಾಸ್ಟಿಕ್ಕನ್ನು ಬಳಸತೊಡಗಿದರು.

ಎಷ್ಟು ಬಗೆಯಲ್ಲಿ ಜೋಡಿಸಬಹುದು?

ಒಂದೇ ಬಣ್ಣದ ಎರಡು 2×4 ಇಟ್ಟಿಗೆಗಳನ್ನು ತೆಗೆದುಕೊಳ್ಳಿ. ಒಂದರ ಮೇಲೊಂದನ್ನು ಎಷ್ಟು ಬಗೆಯಲ್ಲಿ ಕೂರಿಸಬಹುದು? ನಾಲ್ಕು? ಹತ್ತು? ಎಣಿಸಿದರೆ 24 ಬಗೆ ಸಿಗುತ್ತವೆ! ಎರಡರ ಉದ್ದವೂ ಒಂದೇ ದಿಕ್ಕಿಗೆ ಇರುವಂತೆ 11 ಬಗೆ, ಒಂದಕ್ಕೊಂದು ಅಡ್ಡವಾಗಿ ಇರುವಂತೆ 13 ಬಗೆ. ತಿರುಗಿಸಿದಾಗ ಒಂದೇ ರೀತಿ ಕಾಣುವುದನ್ನು ಒಂದೇ ಎಂದು ಎಣಿಸಬೇಕು.

ಮೂರು ಇಟ್ಟಿಗೆಗಳಾದರೆ 1,060 ಬಗೆ. ಆರು ಇಟ್ಟಿಗೆಗಳಾದರೆ? 91,51,03,765 ಬಗೆ! ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಮತ್ತು ಅವರ ಜೊತೆಗಾರರು ಕಂಪ್ಯೂಟರ್ ಸಹಾಯದಿಂದ ಇದನ್ನು ಲೆಕ್ಕ ಹಾಕಿದರು. ಅದಕ್ಕೂ ಮುಂಚೆ ಎಲ್ಲರೂ ಹೇಳುತ್ತಿದ್ದ ಸಂಖ್ಯೆ 10,29,81,500. ಅದರಲ್ಲಿ ಆರು ಇಟ್ಟಿಗೆಗಳನ್ನೂ ಗೋಪುರದಂತೆ ಒಂದರ ಮೇಲೊಂದು ಇಡುವ ಬಗೆಗಳನ್ನು ಮಾತ್ರ ಎಣಿಸಿದ್ದರು. ಒಂದೇ ಅಂತಸ್ತಿನಲ್ಲಿ ಎರಡು, ಮೂರು ಇಟ್ಟಿಗೆಗಳಿರುವ ಆಕಾರಗಳು ಬಿಟ್ಟುಹೋಗಿದ್ದವು.

ನೀವು ಊಟ, ನಿದ್ದೆ ಬಿಟ್ಟು ಸೆಕೆಂಡಿಗೆ ಒಂದರಂತೆ ಈ ಆಕಾರಗಳನ್ನು ಕಟ್ಟುತ್ತಾ ಕೂತರೂ ಮುಗಿಯಲು ಸುಮಾರು 29 ವರ್ಷ ಬೇಕು. ಹೊಸದನ್ನು ಕಟ್ಟಲು ರಾಶಿ ರಾಶಿ ಇಟ್ಟಿಗೆ ಬೇಕಾಗಿಲ್ಲ ಎಂಬುದು ಇದರಿಂದ ತಿಳಿಯುತ್ತದೆ ಅಲ್ಲವೇ?

ಇಟ್ಟಿಗೆ ಒಡೆಯುವುದಿಲ್ಲ, ಕಟ್ಟಡ ಬೀಳುತ್ತದೆ

2012ರಲ್ಲಿ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ಎಂಜಿನಿಯರುಗಳು ಒಂದು ಪರೀಕ್ಷೆ ನಡೆಸಿದರು. ನಾಲ್ಕು ಉಬ್ಬುಗಳ ಪುಟ್ಟ 2×2 ಇಟ್ಟಿಗೆಯನ್ನು ಯಂತ್ರದಲ್ಲಿಟ್ಟು ಒತ್ತಿದರು. ಸುಮಾರು 430 ಕಿಲೋಗ್ರಾಂ ಭಾರ ಹೇರಿದಷ್ಟು ಒತ್ತಿದ ಮೇಲೆ ಅದು ಕುಸಿಯಿತು. ಲೆಕ್ಕ ಹಾಕಿದರೆ, ಒಂದರ ಮೇಲೊಂದು 3,75,000 ಇಟ್ಟಿಗೆ ಇಟ್ಟ ಮೇಲೆ ಅಡಿಯ ಇಟ್ಟಿಗೆ ಕುಸಿಯಬೇಕು. ಆ ಗೋಪುರದ ಎತ್ತರ ಸುಮಾರು 3.5 ಕಿಲೋಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಎರಡು ಕಿಲೋಮೀಟರನ್ನೂ ಮುಟ್ಟುವುದಿಲ್ಲ!

ಆದರೆ ಅಂಥ ಗೋಪುರವನ್ನು ಯಾರೂ ಕಟ್ಟಲಾರರು. ಅದಕ್ಕಿಂತ ಬಹಳ ಮೊದಲೇ ಅದು ವಾಲಿ, ಬಾಗಿ ಬಿದ್ದುಹೋಗುತ್ತದೆ. ನಾವು ಕಟ್ಟುವ ಮಾದರಿಗಳೂ ಹಾಗೆಯೇ. ಇಟ್ಟಿಗೆ ಪುಡಿಯಾಗಿ ಯಾವ ಮಾದರಿಯೂ ಬೀಳುವುದಿಲ್ಲ. ಬೀಳುವುದು ಸಂದಿನಲ್ಲಿ ಕಳಚಿ ಅಥವಾ ಸಮತೋಲ ತಪ್ಪಿ.

ನಿಮ್ಮ ಶಾಲೆಯಲ್ಲಿ ಗಿಲಾವು ಮಾಡದ ಇಟ್ಟಿಗೆ ಗೋಡೆ ಇದ್ದರೆ ಗಮನಿಸಿ. ಒಂದು ಸಾಲಿನ ಸಂದಿನ ಮೇಲೆ ಮುಂದಿನ ಸಾಲಿನ ಸಂದು ಬಂದಿರುವುದಿಲ್ಲ. ಎರಡು ಇಟ್ಟಿಗೆಗಳು ಸೇರುವ ಜಾಗದ ಮೇಲೆ ಮೂರನೆಯ ಇಟ್ಟಿಗೆಯ ನಡುಭಾಗ ಬರುವಂತೆ ಗಾರೆಯವರು ಇಟ್ಟಿರುತ್ತಾರೆ. ಮೇಲಿನ ಇಟ್ಟಿಗೆ ಕೆಳಗಿನ ಎರಡನ್ನೂ ಕಟ್ಟಿಹಾಕುತ್ತದೆ. ಆಟಿಕೆಯ ಇಟ್ಟಿಗೆಗೂ ಇದೇ ನಿಯಮ. ಸಂದುಗಳೆಲ್ಲ ನೇರವಾಗಿ ಒಂದೇ ಗೆರೆಯಲ್ಲಿ ಬಂದರೆ ಗೋಡೆ ಆ ಗೆರೆಯಲ್ಲೇ ಎರಡು ಹೋಳಾಗುತ್ತದೆ.

ನಮ್ಮೂರ ನೀರಿನ ಟ್ಯಾಂಕ್ ಕಟ್ಟೋಣ

ಈಗ ಒಂದು ಸ್ವಂತ ಮಾದರಿ ಯೋಚಿಸೋಣ. ಬಹಳಷ್ಟು ಊರುಗಳಲ್ಲಿ ಕಂಬಗಳ ಮೇಲೆ ನಿಂತ ನೀರಿನ ಟ್ಯಾಂಕ್ ಇರುತ್ತದೆ. ಅದರ ಎತ್ತರ 12 ಮೀಟರ್, ಮೇಲಿನ ದುಂಡು ತೊಟ್ಟಿಯ ಅಡ್ಡಳತೆ 4 ಮೀಟರ್ ಎಂದುಕೊಳ್ಳಿ.

ಮೊದಲ ಹೆಜ್ಜೆ, ಪ್ರಮಾಣ ಆರಿಸುವುದು. ಭೂಪಟದಲ್ಲಿ ಪ್ರಮಾಣ ಇರುತ್ತದಲ್ಲ, ಹಾಗೆಯೇ. 1968ರಲ್ಲಿ ಬಿಲುಂಡ್‌ನಲ್ಲಿ ಆರಂಭವಾದ ಲೆಗೋಲ್ಯಾಂಡ್ ಉದ್ಯಾನದ ಪುಟ್ಟ ಊರುಗಳನ್ನು ಸಾಮಾನ್ಯವಾಗಿ 1:20 ಪ್ರಮಾಣದಲ್ಲಿ ಕಟ್ಟಿದ್ದಾರೆ. ಅಂದರೆ ನಿಜವಾದ ಕಟ್ಟಡದ 20 ಮೀಟರ್ ಅಲ್ಲಿ 1 ಮೀಟರ್. ನಮಗೆ ಅಷ್ಟು ದೊಡ್ಡದು ಬೇಡ.

ಲೆಗೋ ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿಲಿಮೀಟರ್. 1:100 ಪ್ರಮಾಣ ತೆಗೆದುಕೊಂಡರೆ ಟ್ಯಾಂಕಿನ ಎತ್ತರ 120 ಮಿಲಿಮೀಟರ್. ಅದನ್ನು 9.6ರಿಂದ ಭಾಗಿಸಿದರೆ ಹನ್ನೆರಡೂವರೆ ಇಟ್ಟಿಗೆ. ಅರ್ಧ ಎತ್ತರದ ಇಟ್ಟಿಗೆ ಎಲ್ಲಿಂದ ತರುವುದು? 1:50 ತೆಗೆದುಕೊಂಡರೆ ಎತ್ತರ 240 ಮಿಲಿಮೀಟರ್, ಅಂದರೆ ಸರಿಯಾಗಿ 25 ಇಟ್ಟಿಗೆ. ಅಡ್ಡಳತೆ 80 ಮಿಲಿಮೀಟರ್, ಅಂದರೆ ಸರಿಯಾಗಿ 10 ಉಬ್ಬು. ಶೇಷವೇ ಇಲ್ಲ! ಆದ್ದರಿಂದ 1:50 ನಮಗೆ ಒಪ್ಪುವ ಪ್ರಮಾಣ.

ಎರಡನೆಯ ಹೆಜ್ಜೆ, ಚೌಕದಿಂದ ವೃತ್ತ ಮಾಡುವುದು. ಇಟ್ಟಿಗೆಗೆ ಮೂಲೆಗಳಿವೆ, ತೊಟ್ಟಿ ಮಾತ್ರ ದುಂಡು. ಏನು ಮಾಡೋಣ? ಚೌಕುಳಿ ಹಾಳೆಯಲ್ಲಿ ಹತ್ತು ಚೌಕ ಅಡ್ಡಳತೆಯ ವೃತ್ತವನ್ನು ಕೈವಾರದಿಂದ ಎಚ್ಚರಿಕೆಯಾಗಿ ಎಳೆಯಿರಿ. ಯಾವ ಚೌಕದ ನಡುಬಿಂದು ವೃತ್ತದ ಒಳಗಿದೆಯೋ ಅದಕ್ಕೆ ಬಣ್ಣ ಹಚ್ಚಿ. ಸಾಲುಗಳಲ್ಲಿ ಕ್ರಮವಾಗಿ 4, 8, 8, 10, 10, 10, 10, 8, 8, 4 ಚೌಕಗಳು ಸಿಗುತ್ತವೆ. ಒಟ್ಟು 80. ನಿಜವಾದ ವೃತ್ತದ ವಿಸ್ತೀರ್ಣ ಸುಮಾರು 78.5 ಚೌಕ. ಎಷ್ಟು ಹತ್ತಿರ ಬಂದೆವು ನೋಡಿ! ದೂರದಿಂದ ನೋಡಿದರೆ ಕಣ್ಣು ಮೆಟ್ಟಿಲುಗಳನ್ನು ಮರೆತು ದುಂಡನ್ನೇ ಕಾಣುತ್ತದೆ. ವೃತ್ತ ದೊಡ್ಡದಾದಷ್ಟೂ ಮೆಟ್ಟಿಲು ಸಣ್ಣದಾಗಿ ಕಾಣುತ್ತದೆ.

ಮೂರನೆಯ ಹೆಜ್ಜೆ, ಎತ್ತರವನ್ನು ಹಂಚುವುದು. ಕಂಬಗಳಿಗೆ 16 ಸಾಲು, ತೊಟ್ಟಿಯ ತಳಕ್ಕೆ 2, ಗೋಡೆಗೆ 6, ಮುಚ್ಚಳಕ್ಕೆ 1. ಒಟ್ಟು 25.

ನಾಲ್ಕನೆಯ ಹೆಜ್ಜೆ, ಬೀಳದಂತೆ ನೋಡಿಕೊಳ್ಳುವುದು. ಟ್ಯಾಂಕಿನ ಭಾರವೆಲ್ಲ ಮೇಲಿರುತ್ತದೆ. ಗುರುತ್ವ ಕೇಂದ್ರ ಮೇಲೆ ಹೋದಷ್ಟೂ ಮಾದರಿ ಸುಲಭವಾಗಿ ಉರುಳುತ್ತದೆ. ಹಾಗಾದರೆ ಮೇಲಿನ ಭಾರ ಕಡಿಮೆ ಮಾಡೋಣ. ತೊಟ್ಟಿಯನ್ನು ಪೂರ್ತಿ ತುಂಬಿಸದೆ ಎರಡು ಉಬ್ಬು ದಪ್ಪದ ಗೋಡೆ ಮಾತ್ರ ಕಟ್ಟಿ. ನಡುವೆ ಆರು ಉಬ್ಬು ಅಡ್ಡಳತೆಯ ಪೊಳ್ಳು ಉಳಿಯುತ್ತದೆ. ಅದರಲ್ಲಿ 32 ಚೌಕಗಳಿವೆ. 80ರಲ್ಲಿ 32 ಕಳೆದರೆ 48. ಒಂದು 2×4 ಇಟ್ಟಿಗೆ ಎಂದರೆ 8 ಚೌಕ. ಹಾಗಾಗಿ ಒಂದು ಸಾಲಿಗೆ 10 ಇಟ್ಟಿಗೆ ಬೇಕಾದಲ್ಲಿ 6 ಇಟ್ಟಿಗೆಯಷ್ಟು ಸಾಕು. ಭಾರವೂ ಉಳಿಯಿತು, ಇಟ್ಟಿಗೆಯೂ ಉಳಿಯಿತು.

ನಾಲ್ಕು ಕಂಬಗಳು ಆದಷ್ಟು ದೂರ ದೂರ ಇರಲಿ. ಅವು ಸುಮ್ಮನೆ ನಿಂತರೆ ಒಂದೊಂದು ಒಂದೊಂದು ಕಡೆ ವಾಲುತ್ತವೆ. ನಿಜವಾದ ಟ್ಯಾಂಕಿನ ಕಂಬಗಳ ನಡುವೆ ಅಡ್ಡ ತೊಲೆಗಳಿರುವುದನ್ನು ನೀವು ಕಂಡಿದ್ದೀರಿ. ಅವು ಅಂದಕ್ಕಾಗಿ ಇಟ್ಟವಲ್ಲ, ನಾಲ್ಕೂ ಕಂಬಗಳನ್ನು ಒಂದಾಗಿ ಹಿಡಿಯಲು ಇಟ್ಟವು. ನೀವೂ ನಡುಮಟ್ಟದಲ್ಲಿ ತೊಲೆ ಕಟ್ಟಿ. ತೊಲೆ ಎರಡು ಸಾಲಿನದಾಗಿರಲಿ, ಕೆಳಸಾಲಿನ ಸಂದನ್ನು ಮೇಲಿನ ಇಟ್ಟಿಗೆ ಮುಚ್ಚಲಿ. ತೊಟ್ಟಿಯ ತಳವೂ ಹಾಗೆಯೇ. ಮೊದಲ ಸಾಲಿನ ಇಟ್ಟಿಗೆಗಳು ಉದ್ದಕ್ಕಿದ್ದರೆ ಎರಡನೆಯ ಸಾಲಿನವು ಅಡ್ಡಕ್ಕಿರಲಿ.

ಮೊದಲ ಸಲ ನಿಮ್ಮ ಟ್ಯಾಂಕ್ ಬಿದ್ದರೆ ಬೇಸರ ಬೇಡ. ಕೂಡಲೇ ಇಟ್ಟಿಗೆಗಳನ್ನು ಬಾಚಿಕೊಳ್ಳಬೇಡಿ. ಎಲ್ಲಿ ಕಳಚಿತು ಎಂದು ನೋಡಿ, ನಿಮ್ಮ ಚೌಕುಳಿ ಹಾಳೆಯಲ್ಲಿ ಆ ಜಾಗಕ್ಕೆ ಗುರುತು ಹಾಕಿ. ಅಲ್ಲಿ ಒಂದು ಇಟ್ಟಿಗೆಯನ್ನು ಮಾತ್ರ ಬದಲಿಸಿ ಮತ್ತೆ ಪರೀಕ್ಷಿಸಿ. ಒಮ್ಮೆಗೆ ಒಂದನ್ನೇ ಬದಲಿಸಿದರೆ ಯಾವುದರಿಂದ ಗಟ್ಟಿಯಾಯಿತೆಂದು ತಿಳಿಯುತ್ತದೆ. ವಿಜ್ಞಾನಿಗಳು ಪ್ರಯೋಗ ಮಾಡುವುದೂ ಹೀಗೆಯೇ.

ಇಟ್ಟಿಗೆ ಇಲ್ಲದಿದ್ದರೆ?

ಆಟಿಕೆಯ ಇಟ್ಟಿಗೆ ಇಲ್ಲವೆಂದು ಸುಮ್ಮನೆ ಕೂರಬೇಕಾಗಿಲ್ಲ. ಈ ಕೆಲಸದ ಬಹುಪಾಲು ನಡೆಯುವುದು ಹಾಳೆಯ ಮೇಲೆ. ಖಾಲಿ ಬೆಂಕಿಪೊಟ್ಟಣಗಳನ್ನು ಕೂಡಿಟ್ಟು ಗೋಂದಿನಿಂದ ಅಂಟಿಸಿ. ಇಲ್ಲವೇ ಜೇಡಿಮಣ್ಣನ್ನು ಒಂದೇ ಅಳತೆಗೆ ಕತ್ತರಿಸಿ, ನೆರಳಲ್ಲಿ ಒಣಗಿಸಿ ಇಟ್ಟಿಗೆ ಮಾಡಿಕೊಳ್ಳಿ. ಒಂದೇ ಅಳತೆ ಎಂಬ ನಿಯಮವನ್ನು ಮಾತ್ರ ಬಿಡಬೇಡಿ. ಸಂದು ತಪ್ಪಿಸುವ ನಿಯಮವೂ, ಪ್ರಮಾಣದ ಲೆಕ್ಕವೂ ಇವಕ್ಕೂ ಹೊಂದುತ್ತವೆ.

ಮಾಡಿ ನೋಡಿ

1. ನಿಮ್ಮಲ್ಲಿರುವ ಇಟ್ಟಿಗೆ ಅಥವಾ ಬೆಂಕಿಪೊಟ್ಟಣದ ಎತ್ತರ ಅಳೆಯಿರಿ. ಒಂದನ್ನೇ ಅಳೆದರೆ ತಪ್ಪಾಗಬಹುದು. ಹತ್ತನ್ನು ಒಂದರ ಮೇಲೊಂದು ಇಟ್ಟು ಅಳೆದು ಹತ್ತರಿಂದ ಭಾಗಿಸಿ. ಆ ಅಳತೆಗೆ ಶೇಷ ಬಾರದ ಪ್ರಮಾಣವನ್ನು ಹುಡುಕಿ.

2. ಸಂದುಗಳೆಲ್ಲ ಒಂದೇ ಗೆರೆಯಲ್ಲಿರುವ ಒಂದು ಗೋಡೆ, ಸಂದು ತಪ್ಪಿಸಿದ ಇನ್ನೊಂದು ಗೋಡೆ ಕಟ್ಟಿ. ಎರಡನ್ನೂ ಬೆರಳಿನಿಂದ ಮೆಲ್ಲಗೆ ತಳ್ಳಿ. ಯಾವುದು ಮೊದಲು ಬಿತ್ತು? ಎಲ್ಲಿ ಒಡೆಯಿತು?

3. ಐದು ಲೆಗೋ ಇಟ್ಟಿಗೆಗಳ ಎತ್ತರ 48 ಮಿಲಿಮೀಟರ್. ಎಷ್ಟು ಉಬ್ಬುಗಳ ಅಗಲ ಇದಕ್ಕೆ ಸಮ? ಇಟ್ಟಿಗೆಯನ್ನು ಅಡ್ಡ ಮಲಗಿಸಿ ಮಾದರಿ ಕಟ್ಟುವವರಿಗೆ ಈ ಲೆಕ್ಕ ಏಕೆ ಬೇಕು?

4. ನಮ್ಮ ಟ್ಯಾಂಕಿನ ಪೊಳ್ಳು ಆರು ಉಬ್ಬು ಅಗಲವಿದೆ. 2×4 ಇಟ್ಟಿಗೆಯ ಉದ್ದ ನಾಲ್ಕೇ ಉಬ್ಬು. ಹಾಗಾದರೆ ಮುಚ್ಚಳವನ್ನು ಹೇಗೆ ಕೂರಿಸುವಿರಿ? ಗೋಡೆಯ ಕೊನೆಯ ಸಾಲುಗಳನ್ನು ಒಳಕ್ಕೆ ಚಾಚಿದರೆ ಆಗುತ್ತದೆಯೇ? ಹಾಳೆಯ ಮೇಲೆ ಬರೆದು, ಕಟ್ಟಿ, ಗೆಳೆಯರಿಗೂ ಶಿಕ್ಷಕರಿಗೂ ತೋರಿಸಿ.